ಗಾಡಿ ಕೆಳಗಿಳಿಸಿಕೊಡ್ತೀವಿ ಅನ್ನೋರ ಕೈಗೆ ಹಳೇ ಪಿಕಪ್ ಕೊಡುವ ಮುನ್ನ ಓದಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹಳೇ ಪಿಕಪ್ ಇಟ್ಟುಕೊಂಡವರು, ಅದನ್ನು ಸ್ವಲ್ಪ ಕೆಳಗಿಳಿಸಬೇಕು, ಅಂದರೆ ಗಾಡಿಯ ಎತ್ತರ ಕಡಿಮೆ ಮಾಡಿ ನೆಲಕ್ಕೆ ಹತ್ತಿರ ಮಾಡಿಸಬೇಕು ಅಂತ ಆಸೆ ಇದ್ದವರು ದಯವಿಟ್ಟು ಪೂರ್ತಿ ಓದಿ. ಈ ಕೆಲಸ ಮಾಡಿಸಲು ಹೋಗಿ ನನ್ನ 42 ಸಾವಿರ ರೂಪಾಯಿ ಹೋಯ್ತು. ಮೇಲೆ ಬೀಗರ ಊರಲ್ಲಿ ಮರ್ಯಾದೆಯೂ ಹೋಯ್ತು. ಗ್ಯಾರೇಜಿನ ಹೆಸರು ಹಾಕುತ್ತಿಲ್ಲ, ಹುಬ್ಬಳ್ಳಿಯದ್ದು ಅಂತ ಮಾತ್ರ ಹೇಳುತ್ತೇನೆ.

ನನ್ನದು 2011ರ ಟಾಟಾ ಝೆನಾನ್. ಡಬಲ್ ಕ್ಯಾಬಿನ್, ಧಾರವಾಡ ಪಾಸಿಂಗ್, ಬಿಳಿ ಬೋರ್ಡು. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಸರಳು), ಹಿಂದೆ ಕಮಾನು ಪಾಟಾ (ಒಂದರ ಮೇಲೊಂದು ಜೋಡಿಸಿದ ಬಾಗಿದ ಪ್ಲೇಟ್‌ಗಳ ಸ್ಪ್ರಿಂಗ್). ಈ ಗಾಡಿ ಓಡಿಸಿದವರಿಗೆ ಗೊತ್ತು, ಹಿಂದಿನ ಸಾಮಾನು ಹಾಕುವ ಟ್ರಾಲಿ ಖಾಲಿ ಇದ್ದರೆ ಹಿಂಭಾಗ ಮರಿ ಕುದುರೆ ಹಾಗೆ ಕುಣಿಯುತ್ತದೆ. ಲೋಡ್ ಹಾಕೋದು ನಾನು ಬಿಟ್ಟು ಬಹಳ ದಿನ ಆಯ್ತು. ಸುಮ್ನೆ ಮನೆಗೆ, ಹೊಲಕ್ಕೆ ಓಡಾಡುವ ಗಾಡಿ. ಸ್ವಲ್ಪ ಇಳಿಸಿದರೆ ನೋಡೋಕೂ ಚೆಂದ, ಹತ್ತಿ ಇಳಿಯೋಕೂ ಅನುಕೂಲ ಅಂತ ಆಸೆ. ಇದರಲ್ಲಿ ತಪ್ಪೇನಿದೆ?

ಗ್ಯಾರೇಜಿನವರು ಹೇಳಿದ್ದು ಹೀಗೆ. ಮುಂದೆ ಎರಡು ಇಂಚು, ಹಿಂದೆ ಮೂರು ಇಂಚು. ಹೊಸ ಪಾಟಾ ಸೆಟ್, ಗಿಡ್ಡ ಶಾಕ್ ಅಬ್ಸಾರ್ಬರ್ ನಾಲ್ಕು, ಹೊಸ ಬುಷ್, ಹೊಸ ಯು ಬೋಲ್ಟ್ (ಪಾಟಾವನ್ನು ಗಾಲಿಗಳ ನಡುವಿನ ಆ್ಯಕ್ಸಲ್ ದಂಡಕ್ಕೆ ಬಿಗಿಯುವ ಬೋಲ್ಟ್), ಕೊನೆಗೆ ವ್ಹೀಲ್ ಅಲೈನ್‌ಮೆಂಟ್ (ಗಾಲಿಗಳ ಕೋನ ಸರಿ ಮಾಡೋದು). ಎಲ್ಲಾ ಸೇರಿ 42 ಸಾವಿರ. "ಕಿಟ್ ಕೊಯಮತ್ತೂರಿಂದ ಬರ್ತೇತ್ರಿ ಅಣ್ಣಾರ. ಒಮ್ಮಿ ನಮ್ಮ ಕೈಗೆ ಬಿಟ್ಟು ನೋಡ್ರಿ, ಗಾಡಿ ಕಾರ್ ಆಗ್ತೇತಿ." ಬಿಲ್ ಕೇಳಿದೆ. "ಬಿಲ್ ಬೇಕಂದ್ರ ಜಿಎಸ್‌ಟಿ ಮ್ಯಾಲ ಬೀಳ್ತೇತ್ರಿ, ಸುಮ್ನ ಯಾಕ ಜಾಸ್ತಿ ಕೊಡ್ತೀರಿ?" ನನ್ನ ಜೇಬಿನ ಬಗ್ಗೆ ಎಷ್ಟು ಕಾಳಜಿ ನೋಡಿ! 25 ಸಾವಿರ ಅಡ್ವಾನ್ಸ್ ಫೋನ್‌ಪೇ ಮಾಡಿಸಿಕೊಂಡರು, ಉಳಿದದ್ದು ಡೆಲಿವರಿ ದಿನ ನಗದು.

ಡೆಲಿವರಿ ಕೊಟ್ಟದ್ದು ಕತ್ತಲಾದ ಮೇಲೆ. ಗಾಡಿ ತೊಳೆದು, ಟೈರಿಗೆ ಪಾಲಿಶ್ ಹೊಡೆದು ನಿಲ್ಲಿಸಿದ್ದರು. ಕೆಳಗೆ ಕೂತಿತ್ತು, ಚೆಂದ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಬಗ್ಗಿ ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಶಾಕ್ ಅಬ್ಸಾರ್ಬರ್ ಕರ್ರಗೆ ಮಿಂಚುತ್ತಿದ್ದವು. ಹೊಸವು ಅಂದರೆ ಹೊಸವೇ, ಅಲ್ವಾ?

ವಾಪಸ್ ಬರುವಾಗಲೇ ಎದುರಿನ ಲಾರಿಯವರೆಲ್ಲ ಡಿಪ್ಪರ್ ಹೊಡೆಯೋಕೆ ಶುರು ಮಾಡಿದರು. ನಾನು ಡಿಮ್‌ನಲ್ಲೇ ಇದ್ದೆ. ಹಿಂದೆ ಜಾಸ್ತಿ ಕುಸಿದು ಮೂತಿ ಮೇಲಾಗಿತ್ತು, ಹೆಡ್‌ಲೈಟ್ ಬೆಳಕು ನೇರ ಎದುರಿನವರ ಕಣ್ಣಿಗೆ. ಫೋನ್ ಮಾಡಿದೆ. "ಸೆಟ್ ಆಗಬೇಕ್ರಿ, ಒಂದ್ ಐನೂರು ಕಿಲೋಮೀಟರ್ ಓಡಸ್ರಿ, ತಾನ ಸರಿ ಆಗ್ತೇತಿ."

ಅದಾದ ಮೇಲೆ ಮುಳಗುಂದದಲ್ಲಿ ನಮ್ಮ ಮನೆಯ ಹುಡುಗನ ನಿಶ್ಚಯ. ಗಾಡಿಯಲ್ಲಿ ಐದು ಜನ, ಟ್ರಾಲಿಯಲ್ಲಿ ಹಣ್ಣಿನ ಬುಟ್ಟಿ, ಒಂದೆರಡು ಚೀಲ. ಇಷ್ಟೇ. ಅಣ್ಣಿಗೇರಿವರೆಗೆ ಹೇಗೋ ಬಂತು. ಮುಂದೆ ಊರ ಒಳಗಿನ ಹಂಪ್‌ಗಳು ಶುರುವಾದವು. ಮೊದಲನೆಯದಕ್ಕೆ ಹೊಟ್ಟೆ ಉಜ್ಜಿತು. ಮುಂದಿನದಕ್ಕೆ ಸೈಲೆನ್ಸರ್ ಬಡಿಯಿತು. ಆಮೇಲೆ ಪ್ರತಿ ಹಂಪ್‌ಗೂ ಎಲ್ಲರೂ ಇಳಿಯೋದು, ನಾನು ಖಾಲಿ ಗಾಡಿ ಅಡ್ಡಡ್ಡ ಹತ್ತಿಸೋದು, ಅವರು ಮತ್ತೆ ಹತ್ತೋದು. ರೇಷ್ಮೆ ಸೀರೆ ಉಟ್ಟ ಹೆಣ್ಣುಮಕ್ಕಳು ಧೂಳಲ್ಲಿ ಇಳಿದು ನಿಲ್ಲೋದು. ಕಟ್ಟೆ ಮೇಲೆ ಕೂತವರೊಬ್ಬರು ಕೂಗಿ ಕೇಳಿದರು, "ಯಾಕ್ರೀ, ಗಾಡಿ ಕುಂತೈತಲ್ಲ, ಪಂಚರ್ ಏನು?" ದೊಡ್ಡಪ್ಪ ಬೀಗರ ಮನೆ ಮುಂದೆ, ಎಲ್ಲರೂ ಕೇಳುವ ಹಾಗೆ, "ರೊಕ್ಕಾ ಕೊಟ್ಟು ಗಾಡಿ ಕುಂಡ್ರಿಸ್ಕೊಂಡು ಬಂದಿಯಲ್ಲೋ ತಮ್ಮಾ" ಅಂದರು. ಇವತ್ತಿಗೂ ಮನೆಯಲ್ಲಿ ಅದೇ ಮಾತು.

ಇದಾದರೂ ಹೋಗಲಿ. ಆ ವಾರವೇ ಮಳೆಯಲ್ಲಿ, ಖಾಲಿ ಗಾಡಿ, ನವಲೂರಿನ ಹತ್ತಿರ ಬ್ರೇಕ್ ಒತ್ತಿದೆ. ಹಿಂದಿನ ಗಾಲಿ ಲಾಕ್ ಆಗಿ ಗಾಡಿ ಅಡ್ಡ ತಿರುಗಿತು. ಹಿಂದೆ ಯಾರೂ ಇರಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮರುದಿನ ಧಾರವಾಡದ ಒಬ್ಬ ಹಳೇ ಮಿಸ್ತ್ರಿ ಹತ್ತಿರ ಪಿಟ್ ಮೇಲೆ ನಿಲ್ಲಿಸಿದೆ. ಅವರು ಕೆಳಗಿಳಿದು ಐದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ "ಬರ್ರಿ ಕೆಳಗ, ನೀವ ನೋಡ್ರಿ" ಅಂದರು. ಡೀಸೆಲ್ ಹಚ್ಚಿದ ಬಟ್ಟೆಯಿಂದ ಹಿಂದಿನ ಎಡಗಡೆ ಶಾಕ್ ಅಬ್ಸಾರ್ಬರ್ ಒರೆಸಿದರು. ಕಪ್ಪು ಬಣ್ಣ ಬಟ್ಟೆಗೆ ಬಂತು. ಒಳಗೆ ತುಕ್ಕು. ತುಕ್ಕಿನ ನಡುವೆ ಒಂದು ತಗ್ಗು. ಆ ತಗ್ಗು ನನಗೆ ಗೊತ್ತು! ಹೋದ ವರ್ಷ ಹೊಲದ ದಾರಿಯಲ್ಲಿ ಕಲ್ಲು ಬಡಿದು ಬಿದ್ದದ್ದು. ನನ್ನದೇ ಶಾಕ್ ಅಬ್ಸಾರ್ಬರ್. ನಾಲ್ಕೂ ನನ್ನವೇ. ನನ್ನದೇ ಹಳೇ ಸಾಮಾನಿಗೆ ಪೇಂಟ್ ಬಳಿದು ನನಗೇ ಮಾರಿದ್ದಾರೆ. ಪಿಟ್‌ನಲ್ಲಿ ನಿಂತು ಆ ತಗ್ಗಿನ ಮೇಲೆ ಬೆರಳಿಟ್ಟಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಹೊಸ ಪಾಟಾ ಸೆಟ್ ಅಂದಿದ್ದರಲ್ಲ, ಹೊಸದೇನೂ ಇಲ್ಲ. ಇದ್ದ ಪಾಟಾದಲ್ಲೇ ಪ್ಲೇಟ್ ಕಡಿಮೆ ಮಾಡಿದ್ದಾರೆ. ಯು ಬೋಲ್ಟ್ ಹಳೇವೇ. ಪ್ಲೇಟ್ ತೆಗೆದ ಮೇಲೆ ಉದ್ದ ಆಯಿತಲ್ಲ, ವಾಷರ್ ಮೇಲೆ ವಾಷರ್ ಪೇರಿಸಿ ಬಿಗಿದಿದ್ದಾರೆ. ಆ್ಯಕ್ಸಲ್ ಚಾಸಿಗೆ (ಗಾಡಿಯ ಚೌಕಟ್ಟಿಗೆ) ಬಡಿಯದಂತೆ ತಡೆಯುವ ಬಂಪ್ ರಬ್ಬರನ್ನು ಅರ್ಧಕ್ಕೆ ಗರಗಸದಿಂದ ಕೊಯ್ದಿದ್ದಾರೆ, ಕೊಯ್ದ ಗೆರೆ ಹಾಗೇ ಕಾಣುತ್ತಿತ್ತು. ಮುಂದೆ ಮಾಡಿದ್ದು ಇನ್ನೂ ಸುಲಭ. ಟಾರ್ಷನ್ ಬಾರ್ ಅಡ್ಜಸ್ಟ್ ಬೋಲ್ಟ್ ಸಡಿಲ ಮಾಡಿದ್ದಾರೆ, ಅಷ್ಟೇ. ಅರ್ಧ ಗಂಟೆಯ ಪಾನಾ ಕೆಲಸ. ಅದಾದ ಮೇಲೆ ಅಲೈನ್‌ಮೆಂಟ್ ಮಾಡಲೇಬೇಕು, ಇಲ್ಲದಿದ್ದರೆ ಗಾಲಿ ಒಳಗೆ ವಾಲುತ್ತದೆ. ಮಾಡಿಲ್ಲ. ಮುಂದಿನ ಎರಡೂ ಟೈರಿನ ಒಳ ಅಂಚು ಆಗಲೇ ನುಣ್ಣಗಾಗಿತ್ತು.

ಬ್ರೇಕಿನ ಕಥೆ ಕೇಳಿ. ಇಂಥ ಗಾಡಿಗಳಲ್ಲಿ ಹಿಂದಿನ ಆ್ಯಕ್ಸಲ್‌ಗೂ ಚಾಸಿಗೂ ನಡುವೆ ಒಂದು ರಾಡ್ ಇಟ್ಟು ಲೋಡ್ ಸೆನ್ಸಿಂಗ್ ವಾಲ್ವ್‌ಗೆ ಜೋಡಿಸಿರುತ್ತಾರೆ. ಲೋಡ್ ಬಿದ್ದು ಚಾಸಿ ತಗ್ಗಿದರೆ ಹಿಂದಿನ ಬ್ರೇಕಿಗೆ ಪ್ರೆಶರ್ ಜಾಸ್ತಿ, ಖಾಲಿ ಇದ್ದರೆ ಕಡಿಮೆ. ಗಾಡಿಯನ್ನೇ ಇಳಿಸಿದರೆ ಆ ವಾಲ್ವ್‌ಗೆ ಸದಾ ಲೋಡ್ ಇದ್ದ ಹಾಗೆ. ಖಾಲಿ ಗಾಡಿಗೆ ಲೋಡಿನ ಬ್ರೇಕ್ ಬಿದ್ದರೆ ಗಾಲಿ ಲಾಕ್ ಆಗದೆ ಇನ್ನೇನು? ಇಳಿಸಿದವರು ಅದನ್ನು ಮತ್ತೆ ಅಡ್ಜಸ್ಟ್ ಮಾಡಬೇಕು. ಇವರು ರಾಡ್ ಬಗ್ಗಿಸಿ ಬೈಂಡಿಂಗ್ ವೈರ್‌ನಿಂದ ಕಟ್ಟಿದ್ದರು. ಸೆಂಟ್ರಿಂಗ್ ಕೆಲಸಕ್ಕೆ ಸರಳು ಕಟ್ಟುತ್ತಾರಲ್ಲ, ಅದೇ ವೈರ್.

ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಸಂಜೆ ನಾನೇ ಹೋದೆ. ಅಲ್ಲಿ ನಡೆದ ಮಾತು ಇದ್ದ ಹಾಗೇ ಬರೆಯುತ್ತೇನೆ.

ಶಾಕ್ ಅಬ್ಸಾರ್ಬರ್ ಹಳೇವೇ ಇವೆಯಲ್ಲ ಅಂದೆ. "ಹೊಸಾವು ಹಾಕಿದ್ರ ಗಾಡಿ ಗಡಸ ಆಗ್ತಿತ್ರಿ, ನಿಮ್ಮ ಸಲುವಾಗೇ ಹಳೇವು ಇಟ್ಟೇವಿ." ಹಾಗಾದರೆ ಪೇಂಟ್ ಯಾಕೆ ಹೊಡೆದಿರಿ? "ಚೊಲೋ ಕಾಣ್ಲಿ ಅಂತ್ರಿ." ಅಲೈನ್‌ಮೆಂಟ್? "ಅದು ಟೈರ್ ಅಂಗಡಿಯವ್ರ ಕೆಲಸ್ರಿ, ನಮ್ದಲ್ಲ." ಐದು ಜನ ಕೂತರೆ ನೆಲಕ್ಕೆ ಬಡಿಯುತ್ತದಲ್ಲ? "ಇಳಿಸಿದ ಗಾಡ್ಯಾಗ ಅಷ್ಟ್ ಮಂದಿ ಕುಂಡ್ರಬಾರ್ದ್ರಿ." ಡಬಲ್ ಕ್ಯಾಬಿನ್ ಗಾಡಿ ಸ್ವಾಮಿ! ಸೀಟು ಐದು ಇವೆ!

ಹೋಗಲಿ, ನನ್ನ ಪ್ಲೇಟ್ ವಾಪಸ್ ಕೊಡಿ ಅಂದೆ. "ಅವು ಗುಜರಿಗೆ ಹೋದ್ವು." ನನ್ನನ್ನು ಒಂದು ಮಾತು ಕೇಳಲಿಲ್ಲ, ನನ್ನ ಸಾಮಾನು ಗುಜರಿಗೆ ಹೋಯ್ತು. ಕೊನೆಗೆ ಆ ಮನುಷ್ಯ ಚಹಾ ಕುಡಿಯುತ್ತಾ ಹೇಳಿದ್ದು, "ಮತ್ತ ಏರಿಸಬೇಕಂದ್ರ ಹೇಳ್ರಿ, 18 ಸಾವಿರದಾಗ ಮಾಡಿಕೊಡ್ತೇವಿ." ಇಳಿಸೋಕೆ 42, ಏರಿಸೋಕೆ 18. ಅದೇ ಪ್ಲೇಟ್‌ಗಳನ್ನು ಒಮ್ಮೆ ತೆಗೆಯೋಕೆ, ಮತ್ತೆ ಹಾಕೋಕೆ!

ಇನ್ನೊಂದು ವಿಷಯ ಅವರು ಬಾಯಿ ಬಿಟ್ಟು ಹೇಳಲೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಅನುಮತಿ ಇಲ್ಲದ ಬದಲಾವಣೆಗೆ 2019ರ ತಿದ್ದುಪಡಿಯಲ್ಲಿ ಒಂದೊಂದಕ್ಕೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಇದೆ, ಎರಡೂ ಆಗಬಹುದು. ಅದೂ ಗಾಡಿ ಮಾಲೀಕನಿಗೆ. ನನ್ನದು 15 ವರ್ಷದ ಗಡಿಯ ಗಾಡಿ, ಆರ್‌ಸಿ ನವೀಕರಣಕ್ಕೆ ಆರ್‌ಟಿಓ ಮುಂದೆ ನಿಲ್ಲಿಸಲೇಬೇಕು. ಇದನ್ನು ಹೇಳಿದ್ದಕ್ಕೆ "ಯಾರೂ ಬಗ್ಗಿ ನೋಡಂಗಿಲ್ರಿ" ಅಂತ ನಕ್ಕರು.

ಏರಿಸೋಕೆ ಅವರ ಹತ್ತಿರ ಬಿಡಲಿಲ್ಲ. ಧಾರವಾಡದ ಮಿಸ್ತ್ರಿಯೇ ಸೆಕೆಂಡ್ ಹ್ಯಾಂಡ್ ಪ್ಲೇಟ್ ಹುಡುಕಿ ಕೂರಿಸಿದರು. ಬಂಪ್ ರಬ್ಬರ್, ಯು ಬೋಲ್ಟ್, ವಾಲ್ವ್ ರಾಡ್ ಹೊಸದು. ಟಾರ್ಷನ್ ಬಾರ್ ಮೊದಲಿನ ಎತ್ತರಕ್ಕೆ ಬಂತು, ಅಲೈನ್‌ಮೆಂಟ್ ಆಯ್ತು. ಆ ಖರ್ಚು ಬೇರೆ, ಎರಡು ಟೈರು ಬೇರೆ.

ಇಷ್ಟಾದ ಮೇಲೂ ಇಳಿಸಲೇಬೇಕು ಅನ್ನುವವರಿಗೆ ನನ್ನ ಮಾತು ಇಷ್ಟೇ. ಕೊಡುವ ಮುನ್ನ ಪಿಟ್‌ಗೆ ಇಳಿದು ಪ್ರತಿ ಸಾಮಾನಿನ ಫೋಟೋ ತೆಗೆಯಿರಿ. ಬಿಚ್ಚಿದ್ದನ್ನು ಡಿಕ್ಕಿಗೋ ಟ್ರಾಲಿಗೋ ಹಾಕಿಸಿಕೊಂಡೇ ಬನ್ನಿ. ಕತ್ತಲಲ್ಲಿ ಡೆಲಿವರಿ ಬೇಡ. ಪೇಂಟ್ ಮಿಂಚಿದರೆ ಉಗುರಿನಿಂದ ಕೆರೆದು ನೋಡಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿದ್ದೇನೆ, ಧಾರವಾಡ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಅರ್ಜಿ ಬರೆಯುತ್ತಿದ್ದೇನೆ. 5 ಲಕ್ಷದವರೆಗಿನ ವಿಷಯಕ್ಕೆ ಅಲ್ಲಿ ಫೀ ಇಲ್ಲ. ಬಿಲ್ ಇಲ್ಲ, ಆದರೆ ಫೋನ್‌ಪೇ ಅಡ್ವಾನ್ಸ್ ಇದೆ, ಫೋಟೋ ಇವೆ, ಆ ಬೈಂಡಿಂಗ್ ವೈರ್ ಕೂಡ ತೆಗೆದು ಇಟ್ಟಿದ್ದೇನೆ. ಹುಬ್ಬಳ್ಳಿಯಲ್ಲಿ ಇದೇ ಥರ ಪ್ಲೇಟ್ ಕಳೆದುಕೊಂಡವರು ಬೇರೆ ಯಾರಾದರೂ ಇದ್ದರೆ ದುಡ್ಡು ಕೊಟ್ಟ ದಾಖಲೆ ಅಳಿಸಬೇಡಿ, ನನಗೆ ತಿಳಿಸಿ.