ಒಂದು ಘನ ಮೀಟರಿನ ಗೋಬರ್ ಗ್ಯಾಸ್: ಎಂಟು ಮಳೆಗಾಲ ಬಳಸಿದ ಮೇಲೆ

ನಮ್ಮ ಮನೆ ಹೆಬ್ರಿ ತಾಲೂಕಿನ ನಾಡ್ಪಾಲಿನಲ್ಲಿ, ಆಗುಂಬೆ ಘಾಟಿಯ ಬುಡದಲ್ಲಿ. ಡಾಮರು ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಕಾಡುದಾರಿ. ನಡುವೆ ಒಂದು ತೋಡು, ಅದನ್ನು ದಾಟಲು ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಕರೆಂಟಿನ ಕಂಬ ನಮ್ಮಲ್ಲಿಗೆ ಬಂದಿಲ್ಲ. ನೀರು ಗುಡ್ಡದ ಒರತೆಯಿಂದ ತಾನಾಗಿ ಇಳಿದು ಬರುತ್ತದೆ, ಮೊದಲು ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ. ಬೆಳಕಿಗೆ ಸೋಲಾರಿನ ಎರಡು ದೀಪ. ಅಕ್ಕಿ, ತೆಂಗು, ತರಕಾರಿ, ಹಾಲು ಮನೆಯದ್ದೇ. ಅಡಿಕೆ ಮಾರಿದ ದುಡ್ಡು ಮಕ್ಕಳ ಶಾಲೆಗೆ ಮತ್ತು ಮದ್ದಿಗೆ. ಹೀಗಿರುವಾಗ ನಮಗೆ ಹೊರಗಿನಿಂದ ಬರಲೇಬೇಕಾಗಿದ್ದ ದೊಡ್ಡ ವಸ್ತು ಒಂದೇ, ಗ್ಯಾಸ್ ಸಿಲಿಂಡರ್.

ಗ್ಯಾಸಿನ ಗಾಡಿ ರಸ್ತೆಯಲ್ಲೇ ನಿಲ್ಲುತ್ತದೆ. ಒಳಗೆ 14.2 ಕೆಜಿ ಗ್ಯಾಸ್, ಜೊತೆಗೆ ಕಬ್ಬಿಣದ ತೂಕ, ಒಟ್ಟು ಹತ್ತಿರ ಹತ್ತಿರ 30 ಕೆಜಿ. ಅದನ್ನು ಹೆಗಲ ಮೇಲಿಟ್ಟು, ಪಾಚಿ ಕಟ್ಟಿದ ಸಂಕದ ಮೇಲೆ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ದಾಟಬೇಕು. 2016ರಲ್ಲಿ ನಮ್ಮವರು ಜಾರಿ ಬಿದ್ದು ಮೂರು ವಾರ ಕುಂಟಿದರು. ಆ ಮೂರು ವಾರ ನಾನು ಒದ್ದೆ ಸೌದೆ ಊದಿ ಊದಿ ಅಡುಗೆ ಮಾಡಿದೆ. ಕಣ್ಣು ಕೆಂಪಾಗಿ ನೀರು ನಿಲ್ಲುತ್ತಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ, ಅಂದರೆ 2017ರಲ್ಲಿ, ಗೋಬರ್ ಗ್ಯಾಸ್ ಕಟ್ಟಿಸಿದೆವು.

ನಮ್ಮದು ದೀನಬಂಧು ಮಾದರಿ. 1984ರಲ್ಲಿ ಆಫ್‌ಪ್ರೊ ಎಂಬ ಸಂಸ್ಥೆ ರೂಪಿಸಿದ್ದು. ನೆಲದೊಳಗೆ ಇಟ್ಟಿಗೆಯ ಗುಮ್ಮಟ, ಒಂದು ಬದಿಯಲ್ಲಿ ಸೆಗಣಿ ಹಾಕುವ ತೊಟ್ಟಿ, ಇನ್ನೊಂದು ಬದಿಯಲ್ಲಿ ಸ್ಲರಿ, ಅಂದರೆ ಗ್ಯಾಸ್ ಬಿಟ್ಟ ಸೆಗಣಿ ನೀರು, ಹೊರಬರುವ ತೊಟ್ಟಿ. ಅಷ್ಟೇ. ಏಳುವ, ತಿರುಗುವ ಭಾಗ ಒಂದೂ ಇಲ್ಲ. ಖಾದಿ ಆಯೋಗದ ಹಳೆಯ ಮಾದರಿಯಲ್ಲಿ ಮೇಲೆ ಕಬ್ಬಿಣದ ಡ್ರಮ್ ಇರುತ್ತದೆ. ಅದು ಎಷ್ಟು ಎತ್ತರ ಎದ್ದಿದೆ ಅಂತ ನೋಡಿದರೆ ಗ್ಯಾಸ್ ಎಷ್ಟು ಉಂಟು ಅಂತ ಗೊತ್ತಾಗುತ್ತದೆ. ಅನುಕೂಲವೇ. ಆದರೆ ಘಟ್ಟದ ಬುಡದ ಮಳೆಗೆ ಕಬ್ಬಿಣ ಎಷ್ಟು ವರ್ಷ ಬಾಳೀತು? ವರ್ಷ ವರ್ಷ ಬಣ್ಣ ಬಳಿಯುವ ಖರ್ಚು ನಮಗೆ ಬೇಡ ಅನ್ನಿಸಿತು.

ಎಷ್ಟು ದೊಡ್ಡದು ಕಟ್ಟಬೇಕು ಅನ್ನುವುದೇ ಮುಖ್ಯ ಪ್ರಶ್ನೆ. ಅಳತೆ ಹೇಳುವುದು ಗುಂಡಿಯ ಗಾತ್ರದಲ್ಲಿ ಅಲ್ಲ, ದಿನಕ್ಕೆ ಎಷ್ಟು ಘನ ಮೀಟರ್ ಗ್ಯಾಸ್ ಬರುತ್ತದೆ ಅನ್ನುವುದರಲ್ಲಿ. ಇಲ್ಲಿ ತಪ್ಪಿದವರು ಬಹಳ ಜನ. ಕಟ್ಟಲು ಬಂದವರು ಎರಡು ಘನ ಮೀಟರಿನದ್ದು ಕಟ್ಟಿ, ಅಡುಗೆ ಜಾಸ್ತಿ ಆಗುತ್ತದೆ ಅಂದರು. ಸಾಮಾನ್ಯ ಲೆಕ್ಕ ಹೀಗೆ: ಒಂದು ಕೆಜಿ ಹಸಿ ಸೆಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್. ಒಂದು ಘನ ಮೀಟರಿಗೆ ದಿನಕ್ಕೆ 25 ಕೆಜಿ ಸೆಗಣಿ, ಎರಡಕ್ಕೆ 50 ಕೆಜಿ. ಒಂದು ದನಕ್ಕೆ 10 ಕೆಜಿ ಅಂತ ಹಿಡಿಯುತ್ತಾರೆ. ಅದು ದೊಡ್ಡ ದನದ ಮಾತು. ನಮ್ಮಲ್ಲಿರುವುದು ಮಲೆನಾಡು ಗಿಡ್ಡ. ಹಗಲೆಲ್ಲ ಗುಡ್ಡದಲ್ಲಿ ಮೇಯುತ್ತವೆ, ಅರ್ಧ ಸೆಗಣಿ ಅಲ್ಲೇ ಬಿದ್ದು ಹೋಗುತ್ತದೆ. ನಾನು ಕೊಕ್ಕೆ ತಕ್ಕಡಿಗೆ ಬುಟ್ಟಿ ಸಿಕ್ಕಿಸಿ ಒಂದು ವಾರ ಪ್ರತಿ ಬೆಳಿಗ್ಗೆ ತೂಗಿದೆ. ಐದು ದನ, ಒಂದು ಕರು ಸೇರಿ 22ರಿಂದ 26 ಕೆಜಿ. ಒಂದೇ ಘನ ಮೀಟರ್ ಸಾಕು ಅಂತ ಪಟ್ಟು ಹಿಡಿದೆ. ಅದೇ ವರ್ಷ ನಮ್ಮ ಕೆಳಗಿನ ಮನೆಯವರು ಮೂರು ಘನ ಮೀಟರಿನದ್ದು ಕಟ್ಟಿಸಿದರು, ಹಟ್ಟಿಯಲ್ಲಿ, ಅಂದರೆ ಕೊಟ್ಟಿಗೆಯಲ್ಲಿ, ಮೂರೇ ದನ. ಈಗ ಅದರ ತೊಟ್ಟಿಯಲ್ಲಿ ತರಗೆಲೆ ತುಂಬಿದೆ. ನೋಡಿದಾಗೆಲ್ಲ ಬೇಸರವಾಗುತ್ತದೆ.

ಇನ್ನೊಂದು ತೊಡಕು ಮನೆಯೊಳಗೇ ಇತ್ತು. ನಮ್ಮ ಕಡೆ ಹಟ್ಟಿಗೆ ಸೊಪ್ಪು ಹಾಕುತ್ತೇವೆ, ದನ ತುಳಿದು ಗೊಬ್ಬರವಾಗುತ್ತದೆ. ಸೊಪ್ಪು ಬೆರೆತ ಸೆಗಣಿ ಗೋಬರ್ ಗ್ಯಾಸಿಗೆ ಆಗುವುದಿಲ್ಲ, ತೇಲಿ ಕೆನೆ ಕಟ್ಟಿ ದಾರಿ ಮುಚ್ಚುತ್ತದೆ. ಹಟ್ಟಿಗೆ ಕಲ್ಲು ಹಾಸಬೇಕು ಅಂದಾಗ ಅತ್ತೆ ಒಪ್ಪಲಿಲ್ಲ. "ಸೊಪ್ಪಿನ ಗೊಬ್ಬರ ಇಲ್ಲದೆ ಅಡಿಕೆ ಮರ ಬದುಕ್ತದಾ ಮಾರಾಯ್ತಿ? ಒಲೆ ಉರಿಸ್ಲಿಕ್ಕೆ ಹೋಗಿ ತೋಟ ಒಣಗಿಸ್ಬೇಡ" ಅಂದರು. ಅವರ ಮಾತಲ್ಲಿ ತೂಕ ಇತ್ತು. ಅರ್ಧ ಹಟ್ಟಿಗೆ ಮಾತ್ರ ಕಲ್ಲು ಹಾಸಿದೆವು. ಹೊರಬರುವ ಸ್ಲರಿಯನ್ನು ಗುಂಡಿಯಲ್ಲಿ ಸೊಪ್ಪು, ತರಗೆಲೆಯ ಮೇಲೆ ಹರಿಸಿದೆವು. ಮೂರನೇ ವರ್ಷ ಆ ಗೊಬ್ಬರವನ್ನು ಕೈಯಲ್ಲಿ ಹಿಡಿದು, ಹುಡಿ ಮಾಡಿ, ಮೂಸಿ ನೋಡಿದ್ದು ಅತ್ತೆಯೇ. "ವಾಸನೆಯೇ ಇಲ್ಲ" ಅಂದರು. ಬಸಳೆ ಬುಡಕ್ಕೆ ಈಗ ಅವರೇ ಹೊತ್ತು ಹಾಕುತ್ತಾರೆ. ಗ್ಯಾಸ್ ಒಂದು ದಿನ ಕಮ್ಮಿ ಬಂದರೂ ಸಹಿಸಿಕೊಳ್ಳಬಹುದು, ಈ ಸ್ಲರಿ ಬಿಟ್ಟುಕೊಡಲಾರೆ.

ಗುಂಡಿ ನಾವೇ ಅಗೆದೆವು, ಶಿವರಾತ್ರಿ ಕಳೆದ ಮೇಲೆ. ಒಂದಾಳು ಆಳಕ್ಕೆ ಮುರಕಲ್ಲು ಸಿಕ್ಕಿತು, ಪಿಕ್ಕಾಸಿನಲ್ಲಿ ಹತ್ತು ದಿನದ ಕೆಲಸ. ಇಟ್ಟಿಗೆ, ಸಿಮೆಂಟು, ಮೇಸ್ತ್ರಿಯ ಕೂಲಿ, ಪೈಪು, ಒಲೆ ಎಲ್ಲ ಸೇರಿ 21,000 ರೂಪಾಯಿ ಆಯಿತು, ಸಹಾಯಧನ ಲೆಕ್ಕಕ್ಕೆ ಹಿಡಿಯದೆ. ಸಹಾಯಧನ ಈಗ ಉಂಟಾ ಅಂತ ಕಟ್ಟುವ ಮೊದಲೇ ಪಂಚಾಯಿತಿಯಲ್ಲಿ ಕೇಳಿಕೊಳ್ಳಿ.

ಮೊದಲ ಸಲ ತುಂಬಿಸಲು ಒಂದು ಟನ್ನಿನಷ್ಟು ಸೆಗಣಿ ಬೇಕು, ಅಷ್ಟೇ ನೀರು. ನಮ್ಮ ಹಟ್ಟಿಯದ್ದು ಎಲ್ಲಿ ಸಾಲುತ್ತದೆ? ಸುತ್ತಿನ ನಾಲ್ಕು ಮನೆಯವರು ಹನ್ನೆರಡು ದಿನ ಬುಟ್ಟಿಯಲ್ಲಿ ಹೊತ್ತು ತಂದರು. ಒಬ್ಬರೂ ದುಡ್ಡು ಕೇಳಲಿಲ್ಲ. ಆಮೇಲೆ ಅವರ ತೋಟಕ್ಕೆ ಸ್ಲರಿ ಕೊಟ್ಟೆವು.

ತುಂಬಿಸಿ ತಿಂಗಳಾದರೂ ಉರಿ ಸರಿ ಬರಲಿಲ್ಲ. ಮೊದಲು ಬರುವ ಗ್ಯಾಸ್ ಉರಿಯುವುದಿಲ್ಲ, ಅದನ್ನು ಹೊರಗೆ ಬಿಡಬೇಕು ಅಂತ ಗೊತ್ತಿತ್ತು, ಬಿಟ್ಟಿದ್ದೆವು. ಕಟ್ಟಿದ ಮೇಸ್ತ್ರಿ ನಿಮ್ಮ ಸೆಗಣಿಯೇ ಸರಿ ಇಲ್ಲ ಅಂದುಬಿಟ್ಟರು. ನನಗೆ ಸಿಟ್ಟು ಬಂತು. ಕಾಡು ಸೊಪ್ಪು ತಿನ್ನುವ ದನದ ಸೆಗಣಿಗೆ ಏನಾಗಿದೆ? ಗುಮ್ಮಟದ ನೆತ್ತಿಯ ಮಣ್ಣು ಬಿಡಿಸಿ, ಅಂಟುವಾಳದ ನೊರೆ ಮಾಡಿ ಪೈಪಿನ ಬುಡಕ್ಕೆ ಸುರಿದೆ. ಸಾಸಿವೆ ಗಾತ್ರದ ಗುಳ್ಳೆ, ಒಂದರ ಹಿಂದೆ ಒಂದು, ಎದ್ದು ಎದ್ದು ಒಡೆಯುತ್ತಿದ್ದವು. ಪೈಪು ಮತ್ತು ಗಾರೆ ಕೂಡುವಲ್ಲಿ ಸೋರಿಕೆ. ಕಾರ್ಕಳದಿಂದ ಬೇರೆ ಮೇಸ್ತ್ರಿ ಬಂದು ಅರ್ಧ ದಿನದಲ್ಲಿ ಸರಿ ಮಾಡಿದರು. ಹಾಗಾಗಿ ಹೇಳುತ್ತೇನೆ, ದೀನಬಂಧು ಕಟ್ಟಿ ಅಭ್ಯಾಸ ಇರುವ ಮೇಸ್ತ್ರಿಯನ್ನೇ ಹುಡುಕಿ. ಅವರು ಕಟ್ಟಿದ ಒಂದೆರಡು ಮನೆಗೆ ಹೋಗಿ ಒಲೆ ಹಚ್ಚಿಸಿ ನೋಡಿ. ನೀವು ಮಾತ್ರ ಯಾವತ್ತೂ ಒಳಗೆ ಇಳಿಯಬೇಡಿ. ಖಾಲಿ ಮಾಡಿದ ಗುಂಡಿಯಲ್ಲೂ ಉಸಿರು ಕಟ್ಟಿ ಜೀವ ಹೋಗಬಹುದು.

ದಿನದ ಕೆಲಸ ಮುಕ್ಕಾಲು ಗಂಟೆ. ಸೆಗಣಿ ಎಷ್ಟೋ ಅಷ್ಟೇ ನೀರು. ಕೋಲಿನಲ್ಲಿ ಕಲಕಿದರೆ ಸಾಲದು, ಕೈ ಹಾಕಿ ಉಂಡೆ ಒಡೆಯಬೇಕು, ಹುಲ್ಲಿನ ಕಡ್ಡಿ ಆರಿಸಿ ತೆಗೆಯಬೇಕು. ಬೆಳಗಿನ ಸೆಗಣಿ ಇನ್ನೂ ಬೆಚ್ಚಗಿರುತ್ತದೆ, ಮಳೆಗಾಲದಲ್ಲಿ ಕೈಗೆ ಹಿತವಾಗುತ್ತದೆ. ಮಜ್ಜಿಗೆಗಿಂತ ದಪ್ಪ, ದೋಸೆ ಹಿಟ್ಟಿಗಿಂತ ತೆಳ್ಳಗೆ ಬಂದಾಗ ತೂಬು ತೆಗೆಯುತ್ತೇನೆ. ಒಂದು ದಿನ ಬಿಟ್ಟರೆ ಒಲೆಯಲ್ಲಿ ಗೊತ್ತಾಗುತ್ತದೆ. ಮದುವೆಗೆ ಅಂತ ನಾಲ್ಕು ದಿನ ಮನೆ ಬಿಡುವವರು ಯಾರಿಗಾದರೂ ಒಪ್ಪಿಸಿ ಹೋಗಬೇಕು.

ಈಗ ಉರಿಯ ಮಾತು. ಬೆಳಿಗ್ಗೆ ಒತ್ತಡ ಜಾಸ್ತಿ, ಉರಿ ಜೋರು. ನೀಲಿ ಉರಿ, ಪಾತ್ರೆಗೆ ಮಸಿ ಇಲ್ಲ. ಅಡುಗೆ ನಡೆದ ಹಾಗೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಒಂದು ಒಲೆ ದಿನಕ್ಕೆ ಮೂರೂವರೆ ಗಂಟೆ ಉರಿಯುತ್ತದೆ. ಆಟಿಯಲ್ಲಿ ಚಳಿಗೆ ಎರಡೂವರೆ ಗಂಟೆ. ಆಗ ಕುಚ್ಚಲಕ್ಕಿಯದ್ದೇ ಸಮಸ್ಯೆ, ಬೇಯಲು ಒಂದು ಗಂಟೆ ಬೇಕಲ್ವಾ? ಅದಕ್ಕೆ ಹಲಗೆಯ ಪೆಟ್ಟಿಗೆಗೆ ಬೈಹುಲ್ಲು ಒತ್ತಿ ತುಂಬಿ ಗೂಡು ಮಾಡಿದ್ದೇನೆ. ಅನ್ನ ಹದಿನೈದು ನಿಮಿಷ ಕುದಿಸಿ, ಪಾತ್ರೆ ಸಮೇತ ಅದರೊಳಗಿಟ್ಟು, ಹಳೆ ಕಂಬಳಿ ಮುಚ್ಚುವುದು. ಎರಡು ಗಂಟೆ ಬಿಟ್ಟು ತೆಗೆದರೆ ಅಗುಳು ಅರಳಿರುತ್ತದೆ, ಗಂಜಿ ಬಿಸಿ ಬಿಸಿ. ಸ್ನಾನದ ಹಂಡೆಗೆ ಇವತ್ತಿಗೂ ಸೋಗೆ, ಗೆರಟೆ, ಕೊತ್ತಳಿಂಗೆ. ಭತ್ತ ಬೇಯಿಸುವುದೂ ಸೌದೆಯಲ್ಲೇ. ಗೋಬರ್ ಗ್ಯಾಸಿನಿಂದ ಎಲ್ಲ ಆಗುತ್ತದೆ ಅಂತ ನಂಬಿ ಕಟ್ಟಿಸಬೇಡಿ.

ಉರಿ ಹಳದಿಯಾಗಿ ತಟತಟ ಅಂದರೆ ಪೈಪಿನಲ್ಲಿ ನೀರು ನಿಂತಿದೆ ಅಂತ ಅರ್ಥ. ಪೈಪಿನ ತಗ್ಗು ಜಾಗದಲ್ಲಿ ಒಂದು ನಲ್ಲಿ ಇಡಿಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ತಿರುಗಿಸಿದರೆ ನೀರು ಇಳಿದುಹೋಗುತ್ತದೆ. ಅಂಗಡಿಯ ಸಾಮಾನ್ಯ ಗ್ಯಾಸ್ ಒಲೆ ಇದಕ್ಕೆ ಹೊಂದುವುದಿಲ್ಲ, ಗೋಬರ್ ಗ್ಯಾಸಿನ ಒಲೆಯೇ ಬೇಕು. ಎಂಟು ವರ್ಷದಲ್ಲಿ ಬದಲಿಸಿದ್ದು ರಬ್ಬರ್ ಪೈಪು ಎರಡು ಸಲ, ಒಲೆಯ ಗುಬ್ಬಿ ಒಂದು ಸಲ.

ಒಂದು ಘನ ಮೀಟರ್ ಗ್ಯಾಸ್ ಅಂದರೆ ಸಿಲಿಂಡರಿನ ಗ್ಯಾಸು ಅರ್ಧ ಕೆಜಿಗಿಂತ ಸ್ವಲ್ಪ ಕಮ್ಮಿ. ತಿಂಗಳಿಗೆ ಹತ್ತಿರ ಹತ್ತಿರ ಒಂದು ಸಿಲಿಂಡರ್ ಅಂತ ಲೆಕ್ಕ. ನಮಗೆ ಮುಕ್ಕಾಲು ಸಿಕ್ಕಿದೆ. 2023ರಲ್ಲಿ ಸಿಲಿಂಡರಿನ ದರ 1,100 ದಾಟಿದಾಗ ಪೇಟೆಯ ನೆಂಟರೆಲ್ಲ ಅದನ್ನೇ ಮಾತಾಡುತ್ತಿದ್ದರು. ನಮ್ಮ ಮನೆಯ ಸಿಲಿಂಡರ್ ಆಗ ಅಟ್ಟದಲ್ಲಿತ್ತು, ಈಗಲೂ ಅಲ್ಲೇ ಉಂಟು. ನಮ್ಮವರು ಅದನ್ನು ಹೊತ್ತು ಸಂಕ ದಾಟದೆ ಎಂಟು ಮಳೆಗಾಲ ಆಯಿತು.

ಕಟ್ಟಿಸುವ ಮನಸ್ಸಿದ್ದರೆ ಶಿವರಾತ್ರಿಗೆ ಅಗೆಯಲು ಶುರು ಮಾಡಿ, ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಗುಮ್ಮಟಕ್ಕೆ ಮಣ್ಣು ಮುಚ್ಚಿ ಆಗಬೇಕು. ಮಳೆ ಹಿಡಿದರೆ ಗುಂಡಿಯಲ್ಲಿ ನೀರು ಏಳುತ್ತದೆ. ಅದಕ್ಕೂ ಮೊದಲು ಒಂದು ವಾರ ಸೆಗಣಿ ತೂಗಿ ನೋಡಿ. ನಾಡ್ಪಾಲು, ಸೋಮೇಶ್ವರ ಕಡೆಯವರಾದರೆ ನಮ್ಮ ಕೊಕ್ಕೆ ತಕ್ಕಡಿ ಉಂಟು, ಕೊಂಡುಹೋಗಿ.