ಥಂಡರ್‌ಬರ್ಡ್ ಫಿಲ್ಟರ್: ಸಬ್ಜೆಕ್ಟ್ ನೋಡಿ ಮೇಲ್ ವಿಂಗಡಿಸಲು ಎಷ್ಟು ನೆಚ್ಚಬಹುದು?

ಇನ್‌ವಾಯ್ಸ್, ಟೆಂಡರ್, ಜಿಎಸ್‌ಟಿ, ಪ್ಯಾನ್ ಎಂದು ಹತ್ತಿಪ್ಪತ್ತು ಫೋಲ್ಡರ್ ಇಟ್ಟುಕೊಂಡು ಕೆಲಸ ಮಾಡುವ ಲೆಕ್ಕಪತ್ರದ ಕಚೇರಿಗೆ ಮೇಲ್ ಓದುವ ತಂತ್ರಾಂಶವಾದ ಥಂಡರ್‌ಬರ್ಡ್ ಒಳ್ಳೆಯ ಆಯ್ಕೆ. ದುಡ್ಡು ಕೊಡಬೇಕಿಲ್ಲ. ಆದರೆ ಕಂಪ್ಯೂಟರಿನಲ್ಲಿ ಅದು ತೆರೆದಿದ್ದಾಗ ಮಾತ್ರ ವಿಂಗಡಣೆ ನಡೆಯುತ್ತದೆ. ಭಾನುವಾರ ಬಂದ ಮೇಲ್ ಸೋಮವಾರ ಬೆಳಿಗ್ಗೆ ತಂತ್ರಾಂಶ ತೆರೆಯುವ ತನಕ ಇನ್‌ಬಾಕ್ಸಿನಲ್ಲೇ ಬಿದ್ದಿರುತ್ತದೆ. ಮೊಬೈಲಿನಲ್ಲೇ ಮೇಲ್ ಓದುವವರಿಗೆ ಇದು ಹೇಳಿದ್ದಲ್ಲ.

ಟೂಲ್ಸ್ ಮೆನುವಿನಲ್ಲಿ ‘ಮೆಸೇಜ್ ಫಿಲ್ಟರ್ಸ್’ (ಮೇಲ್ ವಿಂಗಡಿಸುವ ನಿಯಮಗಳು) ತೆರೆದು, ಅಕೌಂಟ್ ಆರಿಸಿ, ‘ನ್ಯೂ’ ಒತ್ತಿ. ಷರತ್ತಿನಲ್ಲಿ ‘ಸಬ್ಜೆಕ್ಟ್’, ‘ಕಂಟೇನ್ಸ್’, ಮುಂದೆ ಪದ. ಕೆಳಗೆ ‘ಮೂವ್ ಮೆಸೇಜ್ ಟು’ ಮತ್ತು ಫೋಲ್ಡರಿನ ಹೆಸರು. ಒಂದು ಫಿಲ್ಟರಿಗೆ ಎರಡು ನಿಮಿಷ ಸಾಕು. ಹಳೆಯ ಮೇಲ್‌ಗಳ ಮೇಲೂ ಓಡಿಸಬೇಕಾದರೆ ಅದೇ ಕಿಟಕಿಯಲ್ಲಿ ಫೋಲ್ಡರ್ ಆರಿಸಿ ‘ರನ್ ನೌ’ ಒತ್ತಬೇಕು, ತಾನಾಗಿ ಓಡುವುದಿಲ್ಲ.

ಎಡವುವುದು ‘ಕಂಟೇನ್ಸ್’ ವಿಷಯದಲ್ಲಿ. ಅದು ಇಡೀ ಪದ ನೋಡುವುದಿಲ್ಲ, ಅಕ್ಷರಗಳ ಸಾಲು ಮಾತ್ರ ನೋಡುತ್ತದೆ. ದೊಡ್ಡಕ್ಷರ ಸಣ್ಣಕ್ಷರ ಅದಕ್ಕೆ ಒಂದೇ. ಇಂಗ್ಲಿಷಿನಲ್ಲಿ ಬರೆದ ‘ಕಂಪನಿ’ಯ ಹೊಟ್ಟೆಯೊಳಗೆ ‘ಪ್ಯಾನ್’ನ ಮೂರೂ ಅಕ್ಷರ ಸಾಲಾಗಿ ಕುಳಿತಿವೆ! ಹಾಗಾಗಿ ಕಂಪನಿ ಎಂಬ ಪದವಿರುವ ಪ್ರತಿ ಮೇಲೂ ಪ್ಯಾನ್ ಫೋಲ್ಡರಿಗೇ ಹೋಗುತ್ತದೆ. ‘ಬಿಗಿನ್ಸ್ ವಿತ್’ ಹಾಕಿದರೆ ಈ ತೊಂದರೆ ತಪ್ಪುತ್ತದೆ, ಆದರೆ ಉತ್ತರವಾಗಿ ಬಂದ ಮೇಲ್‌ನ ಸಬ್ಜೆಕ್ಟಿನ ಮುಂದೆ ‘ರೀ:’ ಅಂಟಿಕೊಂಡಿರುವುದರಿಂದ ಅದು ಕೈತಪ್ಪುತ್ತದೆ. ಕಳುಹಿಸುವವರು ಒಪ್ಪಿದರೆ ಸಬ್ಜೆಕ್ಟಿನಲ್ಲಿ [PAN] ಎಂಬಂತೆ ಚೌಕ ಆವರಣದೊಳಗೆ ಗುರುತು ಹಾಕಿಸಿ, ಆವರಣವನ್ನೂ ಸೇರಿಸಿ ‘ಕಂಟೇನ್ಸ್’ ಕೊಡುವುದೇ ಸರಿ. ಜಿಮೇಲ್‌ನ ಫಿಲ್ಟರಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಅದರ ಹುಡುಕಾಟ ಚೌಕ ಆವರಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸರ್ವರಿನಲ್ಲೇ ಓಡುವುದರಿಂದ ಹಗಲು ರಾತ್ರಿ ಕೆಲಸ ಮಾಡುತ್ತದೆ ಎನ್ನುವುದು ಮಾತ್ರ ಜಿಮೇಲ್‌ನ ಹೆಚ್ಚುಗಾರಿಕೆ.

ಕನ್ನಡದ ಸಬ್ಜೆಕ್ಟ್ ಬಂದಾಗ ಇನ್ನೊಂದು ಗೋಜಲು. ‘ಕೊಟೇಶನ್’ ಪದದ ಮೊದಲ ಅಕ್ಷರದ ಒತ್ವವನ್ನು ಯೂನಿಕೋಡಿನಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿ) ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಚಿಹ್ನೆ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಫಿಲ್ಟರಿಗೆ ಬೇರೆ ಬೇರೆ. ‘ಇನ್‌ವಾಯ್ಸ್’ ಎಂಬುದರ ನಡುವೆ ಕಾಣದ ಜೋಡಿತಡೆ ಅಕ್ಷರವೊಂದಿದೆ. ಕೆಲವರು ಅದನ್ನು ಬಿಟ್ಟು ‘ಇನ್ವಾಯ್ಸ್’ ಎಂದೇ ಬರೆಯುತ್ತಾರೆ. ಪದವನ್ನು ಟೈಪ್ ಮಾಡಬೇಡಿ, ಬಂದ ಮೇಲಿನ ಸಬ್ಜೆಕ್ಟಿನಿಂದಲೇ ಕಾಪಿ ಮಾಡಿ ಹಾಕಿ. ಬೇರೆ ಬೇರೆಯವರು ಬೇರೆ ಬೇರೆ ರೀತಿ ಬರೆಯುತ್ತಾರಾದರೆ ‘ಮ್ಯಾಚ್ ಎನಿ’ ಇಟ್ಟು ಎಲ್ಲ ರೂಪಗಳನ್ನೂ ಸೇರಿಸಬೇಕು.

ಫಿಲ್ಟರುಗಳು ಮೇಲಿನಿಂದ ಕೆಳಗೆ ಓಡುತ್ತವೆ, ಒಂದು ಫಿಲ್ಟರ್ ಮೇಲನ್ನು ಸಾಗಿಸಿದರೆ ಕೆಳಗಿನವುಗಳಿಗೆ ಅದು ಸಿಗುವುದಿಲ್ಲ. ಆದ್ದರಿಂದ ‘ಟೆಂಡರ್ ರದ್ದು’ ಮೇಲಿರಲಿ, ಬರೀ ‘ಟೆಂಡರ್’ ಕೆಳಗಿರಲಿ. ಯಾವುದು ಎಲ್ಲಿಗೆ ಹೋಯಿತೆಂದು ತಿಳಿಯದಿದ್ದರೆ ಫಿಲ್ಟರುಗಳು ಮಾಡಿದ ಕೆಲಸದ ದಾಖಲೆಯಾದ ‘ಫಿಲ್ಟರ್ ಲಾಗ್’ ಚಾಲೂ ಮಾಡಿ ನೋಡಬಹುದು. ಈ ಒಂದು ಸೌಲಭ್ಯಕ್ಕಾಗಿಯೇ ಜಿಮೇಲ್‌ಗಿಂತ ಇದಕ್ಕೆ ಹೆಚ್ಚು ಅಂಕ ಕೊಡಬೇಕು.

ಐಮ್ಯಾಪ್ (ಮೇಲ್ ಸರ್ವರಿನಲ್ಲೇ ಉಳಿಯುವ ವ್ಯವಸ್ಥೆ) ಅಕೌಂಟಿನ ಮೇಲನ್ನು ‘ಲೋಕಲ್ ಫೋಲ್ಡರ್ಸ್’ಗೆ ಸಾಗಿಸಿದರೆ ಅದು ಸರ್ವರಿನಿಂದ ಇಳಿದು ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ಉಳಿಯುತ್ತದೆ. ಹಾರ್ಡ್‌ಡಿಸ್ಕ್ ಹೋದರೆ ಮೇಲೂ ಹೋಯಿತು. ಫಿಲ್ಟರ್‌ಗಳೂ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾವಾಗಿ ಬರುವುದಿಲ್ಲ; ಥಂಡರ್‌ಬರ್ಡ್ ತನ್ನ ಮಾಹಿತಿ ಇಟ್ಟುಕೊಳ್ಳುವ ಪ್ರೊಫೈಲ್‌ ಫೋಲ್ಡರಿನೊಳಗೆ ಆಯಾ ಅಕೌಂಟಿನ ಫೋಲ್ಡರಿನಲ್ಲಿರುವ ‘ಎಂಎಸ್‌ಜಿಫಿಲ್ಟರ್‌ರೂಲ್ಸ್.ಡ್ಯಾಟ್’ ಫೈಲಿನ ಒಂದು ಪ್ರತಿ ತೆಗೆದಿಡಿ.