ಹಾಲು ಬೇಡವೆಂದ ಚೀಟಿ ಮತ್ತು ಮೂರು ಬಗೆಯ ಪ್ಯಾಡುಗಳು

ಕಳೆದ ಆಷಾಢದಲ್ಲಿ ಮೂರು ದಿನಗಳ ಮಟ್ಟಿಗೆ ತವರಿಗೆ ಹೊರಟಾಗ, ಜಗಲಿಯಲ್ಲಿ ಹಾಲಿನ ಚೀಲ ತೂಗುಹಾಕುವ ಮೊಳೆಯ ಪಕ್ಕಕ್ಕೆ, ಬಾಗಿಲ ಚೌಕಟ್ಟಿನ ಮೇಲೆ, "ಗುರುವಾರದವರೆಗೆ ಹಾಲು ಬೇಡ" ಎಂದು ಹಳದಿ ಸ್ಟಿಕಿ ನೋಟಿನಲ್ಲಿ ಬರೆದು ಅಂಟಿಸಿದ್ದೆ. ಮರಳಿ ಬಂದಾಗ ಚೀಲದಲ್ಲಿ ಅರ್ಧ ಲೀಟರಿನ ಆರು ಪ್ಯಾಕೆಟ್‌ಗಳಿದ್ದವು. ಅವುಗಳಲ್ಲಿ ಎರಡು ಉಬ್ಬಿದ್ದವು, ಒಂದನ್ನು ಬೆಕ್ಕು ಹರಿದಿತ್ತು. ಚೀಟಿಯು ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಸುರುಳಿಯಾಗಿ ಬಿದ್ದಿತ್ತು. ಹಾಲು ಹಾಕುವವರದ್ದು ತಪ್ಪೆನ್ನುವಂತಿರಲಿಲ್ಲ, ಏಕೆಂದರೆ ಅವರು ಬರುವ ಹೊತ್ತಿಗೆ ಅಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಆ ತಿಂಗಳ ಬಿಲ್ಲು ಕೊಟ್ಟ ದಿನವೇ ಮನೆಯಲ್ಲಿದ್ದ ಹಳೆಯ ಕಾಗದಗಳನ್ನೆಲ್ಲ ಗುಡ್ಡೆ ಹಾಕಿ ಬೈಂಡಿಂಗ್ ಅಂಗಡಿಗೆ ಒಯ್ದೆ. ಹೀಗಾಗಿ ಈ ಹೋಲಿಕೆಯಲ್ಲಿ ನಾನು ಯಾರ ಪಕ್ಷವೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ: ತಲೆಯಂಚಿಗೆ ಅಂಟು ಬಳಿದು, ಹಿಂದೆ ರಟ್ಟು ಕೊಟ್ಟು, ಒಂದೊಂದೇ ಹಾಳೆ ಕಿತ್ತುಕೊಳ್ಳುವಂತೆ ಮಾಡಿದ ಗಮ್ ಪ್ಯಾಡೇ ನನ್ನ ಆಯ್ಕೆ. ಸ್ಪೈರಲ್ ಪ್ಯಾಡ್ ಮತ್ತು ಸ್ಟಿಕಿ ನೋಟುಗಳನ್ನೂ ಒಂದು ವರ್ಷ ಒಂದೇ ಅಡುಗೆಮನೆಯಲ್ಲಿ, ಒಂದೇ ಕೆಲಸಗಳಿಗೆ ಬಳಸಿ ನೋಡಿದ್ದೇನೆ.

ಮೊದಲು ಸ್ಟಿಕಿ ನೋಟಿನ ಆ ಒಂದು ತೊಂದರೆಯನ್ನೇ ವಿವರವಾಗಿ ಹೇಳಬೇಕು, ಏಕೆಂದರೆ ಅದು ಬಿದ್ದದ್ದು ಒಂದೇ ದಿನವಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದು ಸಂಜೆಗೆ ನೆಲದಲ್ಲಿರುತ್ತಿತ್ತು. ಒಲೆಯ ಹಿಂದಿನ ಟೈಲ್ಸಿಗೆ ಅಂಟಿಸಿದ್ದು ಒಗ್ಗರಣೆ ಮುಗಿಯುವಷ್ಟರಲ್ಲಿ ಅಂಚು ಎತ್ತುತ್ತಿತ್ತು. ಗೋಡೆಯ ಸುಣ್ಣಕ್ಕೆ ಅಂಟಿಸಿದರೆ ಬೀಳುವಾಗ ತನ್ನ ಬೆನ್ನಿಗೆ ಬಿಳಿ ಪುಡಿಯನ್ನೂ ಮೆತ್ತಿಕೊಂಡು ಬಿದ್ದು, ಮತ್ತೆಲ್ಲಿಯೂ ಕೂರದಂತಾಗುತ್ತಿತ್ತು. ನಮ್ಮೂರು ಸಾಗರದ ಮಳೆಗಾಲವೆಂದರೆ ಡಬ್ಬಿಯೊಳಗಿನ ಉಪ್ಪೂ ನೀರೊಡೆಯುವ ಕಾಲ. ಹನಿ ಬೀಳದ ಜಾಗದಲ್ಲಿಯೂ ಕಾಗದವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಹಿಗ್ಗಿದ್ದು ಬಾಗುತ್ತದೆ, ಬಾಗಿದ ಹಾಳೆ ತನ್ನ ಅಂಟನ್ನು ತಾನೇ ಎಬ್ಬಿಸಿಕೊಳ್ಳುತ್ತದೆ.

ಅಗ್ಗದ ಕಟ್ಟು ಕೊಂಡದ್ದರಿಂದ ಹೀಗಾಯಿತೆಂದುಕೊಂಡು ದುಬಾರಿಯದನ್ನೂ ತಂದೆ. ಎರಡು ದಿನ ಹೆಚ್ಚು ನಿಂತಿತು, ಅಷ್ಟೆ. ಆಮೇಲೆ ಈ ವಸ್ತು ಹುಟ್ಟಿದ ಬಗೆಯನ್ನು ಓದಿದಾಗ ನನ್ನ ತಪ್ಪು ಎಲ್ಲಿದೆಯೆಂಬುದು ತಿಳಿಯಿತು. ಅಮೆರಿಕದ 3ಎಂ ಕಂಪನಿಯ ರಸಾಯನಶಾಸ್ತ್ರಜ್ಞ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿಯಾದ ಅಂಟೊಂದನ್ನು ಮಾಡಹೊರಟು, ಹಿಡಿದೂ ಹಿಡಿಯದಂತಿರುವ, ಮತ್ತೆ ಮತ್ತೆ ಕಿತ್ತು ಅಂಟಿಸಬಹುದಾದ ಅಂಟನ್ನು ಪಡೆದರು. ಅದು ಪದರವಾಗಿ ಹರಡಿಕೊಳ್ಳದೆ ಅತಿ ಸಣ್ಣ ಗೋಲಿಗಳಾಗಿ ನಿಲ್ಲುತ್ತದೆ. ಆ ಗೋಲಿಗಳು ಎದುರಿನ ಮೇಲ್ಮೈಯನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತವೆ. ಆ ಅಂಟಿಗೆ ಒಂದು ಉಪಯೋಗ ಹುಡುಕಿದವರು ಅದೇ ಕಂಪನಿಯ ಆರ್ಟ್ ಫ್ರೈ, 1974ರಲ್ಲಿ, ಚರ್ಚಿನ ಹಾಡಿನ ಪುಸ್ತಕದಲ್ಲಿ ಇಟ್ಟ ಗುರುತಿನ ಚೀಟಿಗಳು ಪದೇಪದೇ ಜಾರಿ ಬೀಳುತ್ತಿದ್ದ ಕಾರಣದಿಂದ. ಅಂದರೆ ಸ್ಟಿಕಿ ನೋಟು ಹುಟ್ಟಿದ್ದೇ ಕಾಗದದ ಮೇಲೆ ಕೂರಲು. ಅದನ್ನು ಎಣ್ಣೆಯ ಆವಿ ಕೂತ ಟೈಲ್ಸಿಗೆ ಅಂಟಿಸಿದರೆ, ಆ ಗೋಲಿಗಳಿಗೆ ಮೊದಲು ಸಿಗುವುದು ಟೈಲ್ಸಲ್ಲ, ಜಿಡ್ಡು ಮತ್ತು ಧೂಳು.

ಇದರಲ್ಲಿ ನನ್ನ ಕೈಯ ದೋಷವೂ ಸ್ವಲ್ಪವಿತ್ತು. ಕಟ್ಟಿನಿಂದ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಕೀಳುವುದು ನಮ್ಮೆಲ್ಲರ ಅಭ್ಯಾಸ. ಹಾಗೆ ಕಿತ್ತರೆ ಅಂಟಿನ ಪಟ್ಟಿ ಬಳುಕಿ, ಹಾಳೆಯ ಕೆಳಭಾಗ ಹೊರಕ್ಕೆ ಸುರುಳಿಯಾಗುತ್ತದೆ. ಅಂಟಿನ ಪಟ್ಟಿಯುದ್ದಕ್ಕೂ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಎಳೆದರೆ ಹಾಳೆ ಚಪ್ಪಟೆಯಾಗಿಯೇ ಬರುತ್ತದೆ. ಬೇಸಿಗೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯಿತು. ಮಳೆಗಾಲಕ್ಕೆ ಇದು ಸಾಲದು. ಪುಸ್ತಕದೊಳಗೆ ಗುರುತಿಡುವುದಕ್ಕೆ, ಬಿಲ್ಲಿನ ಮೇಲೆ "ಕಟ್ಟಿದೆ" ಎಂದು ಬರೆದು ಹಚ್ಚುವುದಕ್ಕೆ ನಾನು ಈಗಲೂ ಒಂದು ಕಟ್ಟನ್ನು ಇಟ್ಟುಕೊಂಡಿದ್ದೇನೆ. ಮಗ ಅದರ ಮೂಲೆಯಲ್ಲಿ ಹಾಳೆಗೊಂದರಂತೆ ಓಡುವ ಮನುಷ್ಯನನ್ನು ಬರೆದು, ಹೆಬ್ಬೆರಳಿನಿಂದ ಪಟಪಟನೆ ಬಿಟ್ಟು ಓಡಿಸುತ್ತಾನೆ. ಆ ಆಟಕ್ಕೆ ಮಾತ್ರ ಮೂರರಲ್ಲಿ ಇದೇ ಮೇಲು.

ಸ್ಪೈರಲ್ ಪ್ಯಾಡಿನ ವಿಷಯ ಚಿಕ್ಕದು. ಉಳಿಸಿಕೊಳ್ಳಬೇಕಾದ ಬರಹಕ್ಕೆ ಅದು ಒಳ್ಳೆಯದು, ಹರಿದು ಕೊಡಬೇಕಾದ ಬರಹಕ್ಕೆ ಕೆಟ್ಟದ್ದು. ಹರಿದ ಅಂಚಿನಿಂದ ಉದುರುವ ಕಾಗದದ ಚೂರುಗಳನ್ನು ದಿನವೂ ಗುಡಿಸುವವಳು ನಾನೇ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಖು, ಮಗಳ ರಂಗೋಲಿ ಇವು ಮೂರು ಅದರಲ್ಲಿವೆ. ರಂಗೋಲಿಗೆಂದು ಚೌಕುಳಿ ಹಾಳೆಯದನ್ನೇ ಕೊಂಡಿದ್ದೆ. ನೇರ ಚುಕ್ಕಿಗೆ ಅದು ಹೇಳಿ ಮಾಡಿಸಿದಂತಿದೆ. ಆದರೆ 15ರಿಂದ 8ರವರೆಗಿನ ಸಂದು ಚುಕ್ಕಿಗೆ ಒಂದು ಮನೆ ಬಿಟ್ಟು ಒಂದು ಮನೆಯ ಮೂಲೆಯಲ್ಲಿ ಚುಕ್ಕಿಯಿಟ್ಟು, ಮುಂದಿನ ಸಾಲಿಗೆ ಒಂದು ಮನೆ ಸರಿಯಬೇಕು. 169 ಚುಕ್ಕಿಗಳಲ್ಲಿ ಎಲ್ಲೋ ಒಂದು ತಪ್ಪಿದರೆ ಎಳೆ ಕೂಡುವುದಿಲ್ಲ. ಮಗಳು ಎಡಗೈಯವಳಾದ್ದರಿಂದ ಪಕ್ಕಕ್ಕೆ ತಂತಿಯಿರುವ ಪ್ಯಾಡ್ ಅವಳಿಗೆ ಆಗುವುದಿಲ್ಲ, ತಲೆಗೆ ತಂತಿಯಿರುವುದೇ ಬೇಕು.

ಇನ್ನು ಗಮ್ ಪ್ಯಾಡ್. ಒಂದೇ ಬದಿ ಮುದ್ರಣವಾದ ಎ4 ಹಾಳೆಗಳನ್ನು ನಾಲ್ಕಾಗಿ ಕತ್ತರಿಸಿದರೆ 105 ಮಿ.ಮೀ. ಅಗಲ, 148 ಮಿ.ಮೀ. ಉದ್ದದ ಚೀಟಿಗಳಾಗುತ್ತವೆ, 100 ಹಾಳೆಗೆ 400 ಚೀಟಿ, ಅಂದರೆ ನೂರರ ನಾಲ್ಕು ಪ್ಯಾಡ್. ಕತ್ತರಿಸಿ, ಅಂಚು ತಟ್ಟಿ, ಭಾರ ಹೇರಿ, ಅಂಟು ಬಳಿದು, ರಟ್ಟು ಹಾಕಿಕೊಟ್ಟದ್ದಕ್ಕೆ ನಾನು ಕೊಟ್ಟದ್ದು 60 ರೂಪಾಯಿ. ಅಂಗಡಿಯವರಿಗೆ ಎರಡು ಮಾತು ಮೊದಲೇ ಹೇಳಬೇಕು. ಒಂದು, ಮೈದಾ ಅಂಟು ಬೇಡ, ಬಿಳಿ ಗಮ್ ಹಾಕಿ ಎಂದು. ಮೈಲುತುತ್ತ ಬೆರೆಸದ ಮೈದಾ ಅಂಟಿನ ವಾಸನೆಗೆ ಅಡುಗೆಮನೆಯ ಜಿರಳೆಗಳು ಮೊದಲು ಬರುತ್ತವೆ. ಎರಡನೆಯದು ನಾವೇ ನೆನಪಿಡಬೇಕಾದದ್ದು: ಸ್ಟೇಪ್ಲರ್ ಪಿನ್ನುಗಳನ್ನು ಒಂದೂ ಬಿಡದೆ ಕಿತ್ತು ಕೊಡಬೇಕು. ಒಂದು ಪಿನ್ನು ಉಳಿದರೂ ಕಟಿಂಗ್ ಮಷೀನಿನ ಬ್ಲೇಡಿಗೆ ಹಲ್ಲು ಬೀಳುತ್ತದೆ, ಮತ್ತೊಮ್ಮೆ ಅವರು ನಮ್ಮ ಕಾಗದವನ್ನು ಮುಟ್ಟುವುದಿಲ್ಲ.

ಇದರ ಮೊದಲ ಉಪಯೋಗ ದಿನಸಿ ಚೀಟಿ. ನಮ್ಮ ಅಂಗಡಿಯಲ್ಲಿ ಚೀಟಿಯನ್ನು ಕೈಗೆ ಕೊಟ್ಟರೆ, ಅವರು ಒಂದೊಂದೇ ಸಾಮಾನು ಕಟ್ಟುತ್ತ ಅದರ ಎದುರಿಗೇ ಬೆಲೆ ಬರೆದು, ಕೆಳಗೆ ಕೂಡಿ, ಅದೇ ಚೀಟಿಯನ್ನು ಬಿಲ್ಲಾಗಿ ಮರಳಿಸುತ್ತಾರೆ. ಫೋನಿನಲ್ಲಿ ಬರೆದುಕೊಂಡು ಹೋದರೆ ನಾನು ಓದಬೇಕು, ಅವರು ಬೇರೆ ಕಾಗದ ಹುಡುಕಬೇಕು. ಬಲಗಡೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಬರೆಯುವುದನ್ನು ನಾನು ಅವರಿಂದಲೇ ಕಲಿತೆ. ಒಮ್ಮೆ ಮಾತ್ರ ಮುಜುಗರವಾಯಿತು: ಉದ್ದಿನಬೇಳೆ, ಬೆಲ್ಲ ಎಂದು ಬರೆದ ಹಾಳೆಯ ಬೆನ್ನಿಗೆ ನಮ್ಮ ಬ್ಯಾಂಕ್ ಖಾತೆಯ ಮೂರು ತಿಂಗಳ ವಿವರವಿತ್ತು. ಅಂಗಡಿಯವರು ಏನೂ ಹೇಳಲಿಲ್ಲ, ಆದರೆ ಆ ದಿನ ಸಾಲ ಬರೆದುಕೊಳ್ಳಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅಂದಿನಿಂದ ಖಾತೆ, ಆಸ್ಪತ್ರೆ, ಆಧಾರ್ ಸಂಬಂಧದ ಕಾಗದಗಳನ್ನು ಮೊದಲೇ ಬೇರ್ಪಡಿಸುತ್ತೇನೆ. ಇಂಕ್‌ಜೆಟ್ ಮುದ್ರಣದ ಹಾಳೆಗಳನ್ನೂ ತೆಗೆದುಹಾಕುತ್ತೇನೆ, ಒದ್ದೆ ಕೈ ತಾಗಿದರೆ ಅವುಗಳ ಬಣ್ಣ ಬಿಡುತ್ತದೆ. ಜೆರಾಕ್ಸ್ ಹಾಳೆಗೆ ಆ ತೊಂದರೆಯಿಲ್ಲ.

ಅತ್ತೆಯವರ ಮಾತ್ರೆಗಳಿಗೆ ದಿನಕ್ಕೊಂದು ಚೀಟಿ. ಡಾಕ್ಟರು ಬರೆಯುವ 1-0-1ರ ಕ್ರಮದಲ್ಲಿಯೇ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಮನೆ ಗೆರೆ ಹಾಕಿ, ನುಂಗಿದ ಮೇಲೆ ಅವರೇ ಗುರುತು ಹಾಕುತ್ತಾರೆ. ಸ್ಪೈರಲ್ ಪ್ಯಾಡಿನಲ್ಲಿ ತಿಂಗಳ ಕೋಷ್ಟಕ ಬರೆದಿಟ್ಟಾಗ ಅವರು ಇಂದಿನ ಗುರುತನ್ನು ನಾಳೆಯ ಮನೆಯಲ್ಲಿ ಹಾಕಿ, ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂದು ರಾತ್ರಿಯಿಡೀ ಚಿಂತಿಸಿದ್ದರು. ಒಂದು ದಿನಕ್ಕೆ ಒಂದೇ ಹಾಳೆಯಿದ್ದರೆ ಗೊಂದಲಕ್ಕೆ ಜಾಗವಿಲ್ಲ. ತಿಂಗಳ ಚೀಟಿಗಳನ್ನು, ಬಿ.ಪಿ. ನೋಡಿಸಿದ ದಿನ ಅದರ ಅಂಕಿಯನ್ನೂ ಸೇರಿಸಿ, ದಾರಕ್ಕೆ ಪೋಣಿಸಿ ಡಾಕ್ಟರ ಬಳಿ ಒಯ್ಯುತ್ತೇವೆ.

ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಉಪಯೋಗವೆಂದರೆ ಉಪ್ಪಿನಕಾಯಿಯ ಭರಣಿಯದು. ಮಲೆನಾಡಿನಲ್ಲಿ ಅಪ್ಪೆಮಿಡಿಯನ್ನು ಮರ ನೋಡಿಯೇ ಕೊಳ್ಳುವುದು, ಏಕೆಂದರೆ ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ. ಯಾವ ಭರಣಿಯಲ್ಲಿ ಯಾವ ಮರದ ಮಿಡಿ, ಎಷ್ಟು ಮಿಡಿಗೆ ಎಷ್ಟು ಉಪ್ಪು, ಉಪ್ಪಿಗೆ ಹಾಕಿದ್ದು ಯಾವಾಗ, ಮಸಾಲೆ ಕಲಸಿದ್ದು ಯಾವಾಗ ಎಂದು ಬರೆದ ಚೀಟಿಯನ್ನು ಮಡಿಸಿ, ಬಾಯಿಗೆ ಕಟ್ಟಿದ ಬಟ್ಟೆಯ ದಾರಕ್ಕೆ ಸಿಕ್ಕಿಸುತ್ತೇನೆ. ಇದನ್ನು ಪೆನ್ಸಿಲಿನಲ್ಲಿಯೇ ಬರೆಯಬೇಕು. ಜೆಲ್ ಪೆನ್ನಿನಲ್ಲಿ ಬರೆದದ್ದು ಉಪ್ಪುನೀರಿನ ಒಂದು ಹನಿಗೆ ಕದಡಿಹೋಗುತ್ತದೆ, ಪೆನ್ಸಿಲಿನದು ಕಾಗದ ಒದ್ದೆಯಾಗಿ ಒಣಗಿದರೂ ಉಳಿದಿರುತ್ತದೆ. ಇದೇ ಅಳತೆಯ ಚೀಟಿಯನ್ನು ಹಿಂದಿನ ಕಾಲದ ಔಷಧದ ಪುಡಿಯ ಪೊಟ್ಟಣದಂತೆ ಮಡಿಸಿದರೆ ಬೆಂಡೆ, ಹೀರೆ, ಬಸಳೆಯ ಬೀಜಗಳಿಗೆ ಒಳ್ಳೆಯ ಮನೆಯಾಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟ ಬೀಜ ಅರೆ ಒಣಗಿದ್ದರೆ ಒಳಗೇ ಬೆವೆತು ಬೂಸಲು ಹಿಡಿಯುತ್ತದೆ. ಕಾಗದದಲ್ಲಿ ಗಾಳಿಯಾಡುತ್ತದೆ, ಹೆಸರೂ ತಾರೀಖೂ ಮೇಲೆಯೇ ಇರುತ್ತವೆ.

ದೋಷವಿಲ್ಲವೆಂದಲ್ಲ. ಕೊನೆಯ ಇಪ್ಪತ್ತು ಹಾಳೆಗಳ ಹೊತ್ತಿಗೆ ಅಂಟು ಬಿರಿದು ಚೀಟಿಗಳು ಬಿಡಿಬಿಡಿಯಾಗುತ್ತವೆ. ಅವುಗಳಿಗೆ ಬಟ್ಟೆಯ ಕ್ಲಿಪ್ಪೇ ಗತಿ. ಆ ಬಿಡಿ ಚೀಟಿಗಳನ್ನು ಮಕ್ಕಳು ರಾಜ-ರಾಣಿ-ಕಳ್ಳ-ಪೊಲೀಸ್ ಆಟಕ್ಕೆ ಹರಿದುಕೊಳ್ಳುತ್ತಾರೆ.

ಒಂದು ಗಮ್ ಪ್ಯಾಡಿಗೆ 15 ರೂಪಾಯಿ ಬಿತ್ತು. ಅಷ್ಟೇ ಹಾಳೆಗಳ ಸ್ಟಿಕಿ ನೋಟಿಗೆ ನಾನು 45 ಕೊಟ್ಟಿದ್ದೆ, 80 ಹಾಳೆಗಳ ಸ್ಪೈರಲ್ ಪ್ಯಾಡಿಗೆ 70. ಎ.ಸಿ. ಇರುವ ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರಿಗೆ, ಬರೆದದ್ದನ್ನೆಲ್ಲ ಕಂಪ್ಯೂಟರಿನ ಪಕ್ಕಕ್ಕೆ ಅಂಟಿಸಿಕೊಳ್ಳುವವರಿಗೆ ನನ್ನ ಲೆಕ್ಕ ಒಪ್ಪದಿರಬಹುದು. ನನ್ನದು ಒದ್ದೆ ಕೈಯ, ಹರಿದು ಕೊಡುವ, ಚಿಲ್ಲರೆ ಎಣಿಸುವ ಸಂಸಾರ. ಈ ಬಾರಿ ಬೈಂಡಿಂಗ್ ಅಂಗಡಿಗೆ 150 ಹಾಳೆ ಕೊಟ್ಟು ಬಂದಿದ್ದೇನೆ, ಮತ್ತು ಒಂದು ಪ್ಯಾಡಿನ ರಟ್ಟಿಗೆ ಮಾತ್ರ ಮೇಲೆ ತೂತು ಕೊರೆದು ದಾರ ಹಾಕಿಕೊಡಿ ಎಂದು ಕೇಳಿದ್ದೇನೆ. ಅದು ಹಾಲಿನ ಚೀಲದ ಮೊಳೆಯಲ್ಲಿ, ಚೀಲದ ಜೊತೆಗೇ ತೂಗಲಿದೆ.